ಸಂಪಾದಕರ ಉತ್ತರ: ಹಸಿರು ಬಲೆಗೆ ಸಿಗದ ಧೂಳು

ಓದುಗರೊಬ್ಬರ ಪತ್ರ: "ಕೆಳಗಿನ ಮನೆಯಲ್ಲೇ ಇದ್ದುಕೊಂಡು ಮೇಲೊಂದು ಅಂತಸ್ತು ಕಟ್ಟಿಸುತ್ತಿದ್ದೇವೆ. ಸುತ್ತ ಹಸಿರು ಬಲೆ ಕಟ್ಟಿಸಿ, ಬೆಳಿಗ್ಗೆ ಸಂಜೆ ನೀರು ಹೊಡೆಸುತ್ತೇವೆ. ಆದರೂ ಮನೆಯೊಳಗೆ ಧೂಳು, ತಂದೆಯವರಿಗೆ ಉಬ್ಬಸ ಹೆಚ್ಚಾಗಿದೆ. ಕೆಲಸದವರು ಮಾತ್ರ ನಮಗೆ ಅಭ್ಯಾಸವಾಗಿದೆ ಎನ್ನುತ್ತಾರೆ. ಇನ್ನೇನು ಮಾಡಬೇಕು?"

ಮೊದಲು ತಂದೆಯವರ ವಿಷಯ. ಕಲ್ಲು, ಟೈಲ್ಸ್ ಕತ್ತರಿಸುವ, ಪೈಪಿಗಾಗಿ ಗೋಡೆ ಕೊರೆಯುವ, ಪುಟ್ಟಿ ಉಜ್ಜುವ ದಿನಗಳಲ್ಲಿ ಅವರನ್ನು ಬೇರೆ ಕಡೆ ಇರಿಸಿ. ಈ ಕೆಲಸಗಳನ್ನು ದಿನಕ್ಕಿಷ್ಟೆಂದು ತಿಂಗಳಿಡೀ ಎಳೆಯದೆ ಒಟ್ಟಿಗೆ ಮುಗಿಸಲು ಮೇಸ್ತ್ರಿಗೆ ಹೇಳಿ.

ಬಲೆ ಕಟ್ಟಿಸಿದ್ದು ತಪ್ಪಲ್ಲ. ಅದು ಗಾಳಿಯ ರಭಸ ಮುರಿಯುತ್ತದೆ, ಚೂರುಗಳು ಹೊರಗೆ ಸಿಡಿಯದಂತೆ ತಡೆಯುತ್ತದೆ. ಆದರೆ ಅದರ ಕಣ್ಣು ಮಿಲಿಮೀಟರ್ ಲೆಕ್ಕದ್ದು. ಶ್ವಾಸಕೋಶದ ಆಳಕ್ಕಿಳಿಯುವ ಕಣ ಸುಮಾರು 4 ಮೈಕ್ರಾನ್‌ಗಿಂತ ಚಿಕ್ಕದು (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ತಲೆಗೂದಲ ದಪ್ಪದ ಹತ್ತನೇ ಒಂದು ಪಾಲೂ ಇರುವುದಿಲ್ಲ. ಅಲುಗಾಡದ ಗಾಳಿಯಲ್ಲಿ 10 ಮೈಕ್ರಾನಿನ ಕಲ್ಲಿನ ಕಣ ಒಂದೂವರೆ ಮೀಟರ್ ಎತ್ತರದಿಂದ ನೆಲ ಮುಟ್ಟಲು ಮೂರ್ನಾಲ್ಕು ನಿಮಿಷ ಸಾಕು. 1 ಮೈಕ್ರಾನಿನ ಕಣಕ್ಕೆ ನಾಲ್ಕೈದು ಗಂಟೆ ಬೇಕು. ಒಮ್ಮೆ ಗಾಳಿಗೆ ಸೇರಿದ ಮೇಲೆ ಅದನ್ನು ಹಿಡಿಯುವುದು ಆಗದ ಕೆಲಸ. ಹುಟ್ಟುವ ಜಾಗದಲ್ಲೇ, ಬ್ಲೇಡಿನ ಬಾಯಲ್ಲೇ ಹಿಡಿಯಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಒಣ ಕಟಿಂಗ್. ಆದಷ್ಟನ್ನು ಅಳತೆ ಕೊಟ್ಟು ಹೊರಗೇ ಕತ್ತರಿಸಿ ತರಿಸಿ. ಇಲ್ಲೇ ಕತ್ತರಿಸಬೇಕಾದರೆ ನೀರಿನ ನಳಿಕೆ ಇರುವ ಕಟರ್ ಬೇಕು. ನಿಮಿಷಕ್ಕೆ ಕನಿಷ್ಠ ಅರ್ಧ ಲೀಟರ್ ನೀರು ಬ್ಲೇಡಿನ ಮೇಲೆ, ಕಲ್ಲು ಕೊಯ್ಯುವ ಬಿಂದುವಿಗೇ ಬೀಳಬೇಕು. ಟೈಲ್ಸನ್ನು ಮೊದಲೇ ನೆನೆಸಿಟ್ಟರೆ ಸಾಲದು: ಬ್ಲೇಡ್ ಒಳಗಿಳಿಯುತ್ತಿದ್ದಂತೆ ಸಿಗುವುದು ಒಣ ಪದರ. ಇನ್ನೊಬ್ಬರು ಬಾಟಲಿಯಿಂದ ನೀರು ಸುರಿಯುವ ರೂಢಿಯೂ ಬೇಡ, ಧಾರೆ ನಿಂತು ನಿಂತು ಬೀಳುತ್ತದೆ, ಸುರಿಯುವವರ ಮುಖ ಧೂಳಿಗೆ ಅತಿ ಹತ್ತಿರವಿರುತ್ತದೆ. ನೀರಿಗೆಂದೇ ಮಾಡಿರದ ಗ್ರೈಂಡರಿಗೆ ನೀರು ಬಿಡಲೇಬೇಡಿ, ಕರೆಂಟ್ ಹೊಡೆಯುತ್ತದೆ. ನೀರಿನ ಕಟರ್‌ಗೂ 30 ಮಿಲಿಆಂಪಿಯರಿನ ಸೋರಿಕೆ ಟ್ರಿಪ್ಪರ್ (ಕರೆಂಟ್ ಸೋರಿದೊಡನೆ ತಾನೇ ಆಫ್ ಆಗುವ ಸ್ವಿಚ್) ಕಡ್ಡಾಯ. ಕೊನೆಗೆ ಉಳಿಯುವ ಬಿಳಿ ಕೆಸರನ್ನು ಒದ್ದೆಯಿರುವಾಗಲೇ ಬಳಿದು ಬಕೆಟ್ಟಿಗೆ ತುಂಬಿಸಿ. ಬಿಟ್ಟರೆ ನಾಳೆ ಒಣಗಿ, ಕಾಲಡಿ ಸಿಕ್ಕಿ ಅದೇ ಧೂಳು ಮತ್ತೆ ಏಳುತ್ತದೆ. ಚರಂಡಿಗೆ ಬಿಟ್ಟರೆ ತಳದಲ್ಲಿ ಕೂತು ಕಟ್ಟಿಕೊಳ್ಳುತ್ತದೆ.

ಗೋಡೆ ಕೊರೆಯುವಾಗ ನೀರು ಬಳಸುವುದು ಕಷ್ಟ. ಅಲ್ಲಿ ಬ್ಲೇಡಿಗೆ ಮುಚ್ಚಳ ಹಾಕಿ, ಅತಿ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಜೋಡಿಸಬೇಕು. ಮನೆ ಗುಡಿಸುವ ಸಾಮಾನ್ಯ ವ್ಯಾಕ್ಯೂಮ್ ದೊಡ್ಡ ಕಣ ಹಿಡಿದು ಸಣ್ಣದನ್ನು ಹಿಂದಿನಿಂದ ಉಗುಳುತ್ತದೆ. ಪುಟ್ಟಿಯನ್ನು ತೆಳುವಾಗಿ ಎರಡು ಕೋಟ್ ಎಳೆದು, ಹಸಿಯಿರುವಾಗಲೇ ಸಮ ಮಾಡಿದರೆ ಉಪ್ಪುಕಾಗದದ ಕೆಲಸವೇ ಅರ್ಧವಾಗುತ್ತದೆ.

ಸಿಮೆಂಟಿನಲ್ಲಿ ತಪ್ಪಾಗುವುದು ಚೀಲ ಕೊಡವುವಾಗ. ಚೀಲವನ್ನು ಮರಳಿನ ರಾಶಿಗೆ ತಾಗಿಸಿಯೇ ಸೀಳಿ, ಮೆಲ್ಲಗೆ ಜಾರಿಸಿ. ಖಾಲಿ ಚೀಲ ಕೊಡವದೆ ಮಡಚಿಡಿ. ಮರಳನ್ನು ತುಸು ತೇವವಾಗಿಡಿ, ಆದರೆ ಆ ತೇವವನ್ನು ಕಲಸುವ ನೀರಿನಲ್ಲಿ ಕಳೆಯಬೇಕು. ಮರೆತರೆ ಧೂಳು ಕಡಿಮೆಯಾಗಿ ಕಾಂಕ್ರೀಟೂ ಸಡಿಲವಾಗುತ್ತದೆ.

ದಿನಕ್ಕೆರಡು ಬಾರಿ ನೀರು ಹೊಡೆಸುವ ಲೆಕ್ಕ ಬಿಡಿ. ನೆಲದ ಬಣ್ಣ ನೋಡಿ: ತಿಳಿಯಾಗತೊಡಗಿದಾಗ ಹನಿಹನಿಯಾಗಿ ಚಿಮುಕಿಸಿ. ಪೈಪಿನಿಂದ ಸುರಿದರೆ ಕೆಸರಾಗಿ, ಗಾಡಿ ಚಕ್ರಕ್ಕಂಟಿ ರಸ್ತೆಗೆ ಹೋಗಿ ಅಲ್ಲಿ ಪುಡಿಯಾಗುತ್ತದೆ. ಗೇಟಿನ ಬಳಿ ಜಲ್ಲಿ ಹರಡಿಸಿ. ಒಣ ಪೊರಕೆ ಬೇಡವೇ ಬೇಡ. ಮೇಲಿಂದ ಅವಶೇಷ ಎಸೆಯುವುದು, ಖಾಲಿ ಚೀಲ ಪ್ಲಾಸ್ಟಿಕ್ ಸುಡುವುದು ಕೂಡ.

ಅಭ್ಯಾಸವಾಗಿದೆ ಎಂಬ ಮಾತಿಗೆ ಮಾತ್ರ ದಯವಿಟ್ಟು ಒಪ್ಪಬೇಡಿ. ಕೆಮ್ಮು ಅಭ್ಯಾಸವಾಗಬಹುದು, ಶ್ವಾಸಕೋಶಕ್ಕೆ ಕಲ್ಲುಪುಡಿ ಅಭ್ಯಾಸವಾಗುವುದಿಲ್ಲ. ಅದರಲ್ಲಿನ ಸಿಲಿಕಾ ಕಣ ಒಳಗೆ ಕಲೆ ಕಟ್ಟಿಸುತ್ತದೆ. ಸಾಮಾನ್ಯವಾಗಿ ವರ್ಷಗಳ ನಂತರ ಕಾಣಿಸುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ಉಸಿರಾಟದಲ್ಲಿ ಒಳಸೇರುವ ಸ್ಫಟಿಕ ಸಿಲಿಕಾ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ. ಕರವಸ್ತ್ರ ಸಾಲದು, ಎನ್95 ಮಾಸ್ಕ್ ಕೊಡಿಸಿ. ಎರಡೂ ಪಟ್ಟಿ ತಲೆಯ ಹಿಂದೆ ಬರಬೇಕು, ಮೂಗಿನ ತಂತಿ ಒತ್ತಬೇಕು. ಗಡ್ಡವಿದ್ದರೆ ಅಂಚಿನಲ್ಲಿ ಗಾಳಿ ನುಸುಳುತ್ತದೆ.

ಇನ್ನು ಧೂಳು ಮನೆಯೊಳಗೆ ಇಳಿಯುವ ದಾರಿ, ನಿಮ್ಮ ಮೆಟ್ಟಿಲ ಬಾಯಿ. ದಪ್ಪ ಪ್ಲಾಸ್ಟಿಕ್ ಶೀಟನ್ನು ಎರಡು ಪದರವಾಗಿ, ಒಂದರ ಮೇಲೊಂದು ಅರ್ಧ ಮೀಟರ್ ಹಾಯುವಂತೆ ಇಳಿಬಿಟ್ಟು ಅಂಚಿಗೆ ಟೇಪ್ ಹಚ್ಚಿ. ಮೇಲೆ, ಮೆಟ್ಟಿಲಿನಿಂದ ದೂರದ ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಪಕ್ಕದ ಮನೆಯ ಕಿಟಕಿಗೆ ಮುಖ ಮಾಡದಂತೆ. ಶೀಟು ಮೇಲಿನ ಕಡೆಗೆ ಸ್ವಲ್ಪ ಉಬ್ಬಿ ನಿಂತರೆ ಗಾಳಿ ಮನೆಯಿಂದ ಮೇಲಕ್ಕೆ ಹರಿಯುತ್ತಿದೆ ಎಂದರ್ಥ. ನಿಮ್ಮ ಕಡೆಗೆ ಉಬ್ಬಿದರೆ ಧೂಳು ಇಳಿದು ಬರುತ್ತಿದೆ, ಕೆಲಸ ನಿಲ್ಲಿಸಿ ಸರಿಪಡಿಸಿ.

ಕಟಿಂಗ್ ಮುಗಿದ ಸಂಜೆ ಮೇಲಿನಿಂದ ಕೆಳಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮರುದಿನ ಬೆಳಿಗ್ಗೆ ಇನ್ನೊಮ್ಮೆ. ರಾತ್ರಿಯಿಡೀ ಇಳಿದ ಸಣ್ಣ ಕಣ ಆಗ ಸಿಗುತ್ತದೆ. ಎರಡನೇ ಸಲವೂ ಬಟ್ಟೆ ಬೂದುಬಣ್ಣವಾದರೆ ಇನ್ನೊಂದು ದಿನ ಶೀಟು ಬಿಚ್ಚಬೇಡಿ.