ಸಂಪಾದಕರ ಉತ್ತರ: ಕಿವಿಗೊಟ್ಟು ನೋಡಿದ ಸಿನಿಮಾಗಳು

ಡೊಂಬಿವಲಿಯ ಓದುಗರಿಗೆ ನಮಸ್ಕಾರ.

ಹೋದ ಸಂಚಿಕೆಯ ಸಿನಿಮಾ ಮತ್ತು ಸಂಗೀತದ ಪುಟ ಓದಿ ನೀವು ಬರೆದ ಪತ್ರ ಕೈಸೇರಿದೆ. ಉದ್ದವಾದ ಪತ್ರ, ಸಿಟ್ಟಿನ ಪತ್ರ. ಆದರೆ ಸಿನಿಮಾವನ್ನು ಕಣ್ಣಿಟ್ಟು ನೋಡಿದವರು ಬರೆದದ್ದು ಎಂಬುದು ಸಾಲುಸಾಲಿನಲ್ಲೂ ಗೊತ್ತಾಗುತ್ತದೆ. ಎರಡು ಸಾಲಿನ ಧನ್ಯವಾದ ಹೇಳಿ ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಪತ್ರವನ್ನು ನೋಡದವರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ಊರೆಲ್ಲ ಮುಗಿಬಿದ್ದು ನೋಡಿದ ‘ಕಾಂತಾರ: ಚಾಪ್ಟರ್ 1’ಕ್ಕೆ ನಾವು ನಾಲ್ಕು ಸಾಲು ಕೊಟ್ಟು, ಮಲಯಾಳಿ ನರ್ಸುಗಳ ಕಥೆಗೆ ಇಡೀ ಪುಟ ಕೊಟ್ಟಿದ್ದೇವೆ, ಇದು ಕನ್ನಡ ಪತ್ರಿಕೆ ಮಾಡುವ ಕೆಲಸವಲ್ಲ. ಇಂಡಿ ಸಂಗೀತ, ಅಂದರೆ ಸಿನಿಮಾದ, ದೊಡ್ಡ ಕಂಪನಿಯ ಹಂಗಿಲ್ಲದೆ ಕಟ್ಟುವ ಸ್ವತಂತ್ರ ಸಂಗೀತ ಎನ್ನುವುದು ಬಾಂದ್ರಾ, ಲೋವರ್ ಪರೇಲಿನ ಪಬ್ಬುಗಳಿಗೆ ಹೋಗುವ ಹುಡುಗರದು. ಮುಂಬಯಿ ಕನ್ನಡಿಗರಿಗೂ ಅದಕ್ಕೂ ಏನು ಸಂಬಂಧ? ಇನ್ನು, ನಕ್ಷತ್ರ ಕೊಡದೆ ಬರೆದದ್ದೆಲ್ಲ ಸಂಪಾದಕರ ಸ್ವಂತ ಅಭಿಪ್ರಾಯ. ಅದನ್ನು ವಿಮರ್ಶೆ ಎಂದು ಕರೆಯಬೇಡಿ.

ಸ್ವಂತ ಅಭಿಪ್ರಾಯವೇ, ಹೌದು. ಆದರೆ ಏನು ಕಂಡಿತು, ಏನು ಕೇಳಿಸಿತು ಎಂದು ಬಿಡಿಸಿ ಹೇಳಿದ ಅಭಿಪ್ರಾಯದ ಜೊತೆ ನೀವು ಜಗಳವಾಡಬಹುದು. ಈಗ ಆಡುತ್ತಿದ್ದೀರಲ್ಲ, ಹಾಗೆ. ಮೂರೂವರೆ ನಕ್ಷತ್ರದ ಜೊತೆ ಯಾರೂ ಜಗಳವಾಡಲಾರರು. ಪುಟದಲ್ಲಿ ನಕ್ಷತ್ರ ಬಂದ ದಿನ ಓದುಗರು ಎಣಿಸಿ ಮುಂದಕ್ಕೆ ಹೋಗುತ್ತಾರೆ. ಆದ್ದರಿಂದ ಅದು ಬೇಡ.

ನರ್ಸುಗಳ ಸಿನಿಮಾದ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಅಲ್ಲಿನ ಎರಡನೇ ದೊಡ್ಡ ಪ್ರಶಸ್ತಿ ಗ್ರ್ಯಾನ್ ಪ್ರಿ ಗೆದ್ದಿತು. 30 ವರ್ಷದ ನಂತರ ಅಲ್ಲಿನ ಮುಖ್ಯ ಸ್ಪರ್ಧೆಗೆ ಹೋದ ಭಾರತದ ಚಿತ್ರ ಅದು. ಇಡೀ ಪುಟ ಕೊಟ್ಟದ್ದು ಆ ಪ್ರಶಸ್ತಿಗಲ್ಲ. ಸಿನಿಮಾ ಶುರುವಾಗುವಾಗ ಕಥೆ ಇಲ್ಲ, ನಾಯಕಿ ಇಲ್ಲ. ರಾತ್ರಿಯ ಮುಂಬಯಿ, ಮಾರುಕಟ್ಟೆ, ರೈಲು, ಅದರ ಮೇಲೆ ಬೇರೆ ಬೇರೆ ಭಾಷೆಯ ದನಿಗಳು: ಈ ಊರಿಗೆ ಹೇಗೆ ಬಂದೆವು, ಬಂದು ಏನಾದೆವು ಎಂದು ಮುಖ ತೋರಿಸದೆ ಹೇಳುವ ಜನ. ಹಿಂದಿ ಸಿನಿಮಾದ ಮುಂಬಯಿಯಲ್ಲಿ ಎಲ್ಲರಿಗೂ ಹುಟ್ಟಿದಾರಭ್ಯ ಹಿಂದಿ ಬರುತ್ತದೆ. ಈ ಸಿನಿಮಾದಲ್ಲಿ ಕೇರಳದಿಂದ ಬಂದ ಡಾಕ್ಟರ್ ಮನೋಜ್‌ಗೆ ಹಿಂದಿ ನಾಲಿಗೆ ಮೇಲೆ ಹೊರಳುವುದಿಲ್ಲ. ನರ್ಸ್ ಪ್ರಭಾಗೆ ಅವನು ಮಲಯಾಳದಲ್ಲಿ ಕವಿತೆ ಬರೆದು ಕೊಡುತ್ತಾನೆ. ಕವಿತೆ ಬರೆಯಬಲ್ಲವನು ಊರಿನ ಭಾಷೆಯಲ್ಲಿ ರೋಗಿಯ ಜೊತೆ ಮಾತಾಡಲು ತಡವರಿಸುತ್ತಾನೆ. ಹೋಟೆಲಿನಲ್ಲಿ ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ನಮ್ಮ ಹಿಂದಿನ ತಲೆಮಾರು ಈ ತಡವರಿಕೆಯಲ್ಲೇ ಬದುಕಿತ್ತು. ಸಿನಿಮಾದಲ್ಲಿ ಕನ್ನಡಿಗರ ಕಥೆ ಇಲ್ಲ ಎಂದು ನೀವು ಬರೆದಿರಿ. ನನಗೆ ಅದರಲ್ಲಿ ಕಂಡಷ್ಟು ಮುಂಬಯಿ ಕನ್ನಡಿಗರು ಯಾವ ಕನ್ನಡ ಸಿನಿಮಾದಲ್ಲೂ ಕಂಡಿಲ್ಲ.

ಆಸ್ಪತ್ರೆಯಲ್ಲಿ ಅಡುಗೆ ಮಾಡುವ ಪಾರ್ವತಿಯ ಪಾತ್ರವನ್ನೂ ನೆನಪಿಸುತ್ತೇನೆ. ಛಾಯಾ ಕದಮ್ ಅದನ್ನು ನಿಭಾಯಿಸಿದ ರೀತಿ ಈಚಿನ ವರ್ಷಗಳಲ್ಲಿ ನಾನು ನೋಡಿದ ಅತ್ಯುತ್ತಮ ಅಭಿನಯಗಳಲ್ಲಿ ಒಂದು. ಇಪ್ಪತ್ತಕ್ಕೂ ಹೆಚ್ಚು ವರ್ಷ ಇದ್ದ ಚಾಳಿನ ಖೋಲಿ, ಗಂಡ ತೀರಿಹೋಗಿದ್ದಾನೆ, ಕಾಗದಪತ್ರ ಸಿಗುತ್ತಿಲ್ಲ, ಬಿಲ್ಡರ್ ಬಂದು ನಿಂತಿದ್ದಾನೆ. ಕಾಗದವಿಲ್ಲದಿದ್ದರೆ ನಾನು ಇಲ್ಲಿ ಇದ್ದೆ ಎನ್ನುವುದಕ್ಕೇ ಸಾಕ್ಷಿ ಇಲ್ಲವಾಗುತ್ತದೆ ಎಂಬ ಭಯವನ್ನು ಛಾಯಾ ಅಳದೆ, ಕೂಗದೆ ತೋರಿಸಿದ್ದಾರೆ. ಮುಂದೆ ಆಕೆಯೂ ಪ್ರಭಾಳೂ ಬಹುಮಹಡಿ ಕಟ್ಟಡದ ಜಾಹೀರಾತು ಫಲಕಕ್ಕೆ ಕಲ್ಲೆಸೆಯುವ ದೃಶ್ಯ ಬಂದಾಗ ಚಿತ್ರಮಂದಿರದಲ್ಲಿ ನನ್ನ ಪಕ್ಕದವರು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಚಿತ್ರದ ಎರಡನೇ ಭಾಗ ರತ್ನಾಗಿರಿಗೆ ಹೋದ ಮೇಲೆ ಸಡಿಲವಾಯಿತು ಎಂಬ ನಿಮ್ಮ ಮಾತಿನಲ್ಲಿ ಹುರುಳಿದೆ. ಅಲ್ಲಿ ಕನಸು ಮತ್ತು ನಿಜ ಬೆರೆಯುವ ಜಾಗದಲ್ಲಿ ನನಗೂ ಹಿಡಿತ ತಪ್ಪಿದಂತೆ ಅನಿಸಿತು.

ಇದೇ ಸಿನಿಮಾದಿಂದ ನಿಮ್ಮ ಎರಡನೇ ದೂರಿಗೂ ಬರಬಹುದು. ಅದರಲ್ಲಿ ಮಳೆಗಾಲದ ದೃಶ್ಯಗಳ ಜೊತೆ ಕೇಳುವ ಪಿಯಾನೊ ನಿಮಗೆ ಹಿಡಿಸಿತು, ಯಾರು ನುಡಿಸಿದ್ದು ಎಂದು ತಿಳಿಯಲಿಲ್ಲ ಎಂದಿದ್ದೀರಿ. ನುಡಿಸಿದವರು ಎಮಾಹೊಯ್ ತ್ಸೆಗೆ ಮರಿಯಂ ಗೆಬ್ರು ಎಂಬ ಇಥಿಯೋಪಿಯಾದ ಸನ್ಯಾಸಿನಿ. 1967ರಲ್ಲಿ ಜರ್ಮನಿಯಲ್ಲಿ ಮೊದಲ ಧ್ವನಿಮುದ್ರಿಕೆ ಮಾಡಿದರು. ಅದರ ಹಣ ಅನಾಥ ಮಕ್ಕಳಿಗೆ. ಹೊರಜಗತ್ತು ಅವರನ್ನು ಗಮನಿಸಿದ್ದು ಬಹುತೇಕ 2006ರಲ್ಲಿ, ಫ್ರಾನ್ಸಿನ ಒಂದು ಸಂಗ್ರಹಮಾಲೆಯಲ್ಲಿ ಆ ಹಳೆಯ ಧ್ವನಿಮುದ್ರಣಗಳು ಮತ್ತೆ ಬಂದಾಗ. ಜೆರುಸಲೇಮಿನಲ್ಲಿ 2023ರಲ್ಲಿ ತೀರಿಕೊಂಡರು. ಯಾವ ಸಿನಿಮಾದ ಸನ್ನಿವೇಶಕ್ಕೂ ಮಾಡಿದ ಸಂಗೀತವಲ್ಲ ಅದು, ಯಾವ ಕಂಪನಿ ಕೇಳಿದ್ದಕ್ಕೂ ಅಲ್ಲ. ಇಂಡಿ ಸಂಗೀತ ಎಂದು ನಾನು ಕರೆಯುವುದು ಇದನ್ನೇ. ಅದು ನಿಮಗೆ ಹಿಡಿಸಿದೆ ಎಂದು ನಿಮ್ಮ ಪತ್ರವೇ ಹೇಳುತ್ತಿದೆ.

ನಮ್ಮಲ್ಲಿ ಅದು ಇರಲಿಲ್ಲವೆ? ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂತು. ಸಿನಿಮಾದ ಹಂಗಿಲ್ಲದೆ ಕನ್ನಡದ ಹಾಡು ಮನೆಮನೆ ಹೊಕ್ಕದ್ದು ಹಾಗೆ. ಮಾಟುಂಗ, ವಡಾಲಾದ ಮನೆಗಳಲ್ಲಿ ಆ ಕ್ಯಾಸೆಟ್ ಸವೆಯುವವರೆಗೂ ತಿರುಗಿತ್ತು. ಇಂದು ಗಿಟಾರ್ ಹಿಡಿದು ಸ್ವಂತ ಹಾಡು ಕಟ್ಟುವ ಹುಡುಗಿ ಮಾಡುತ್ತಿರುವುದೂ ಅದೇ ಕೆಲಸ.

ಮುಂಬಯಿಯ ನಂಟು ಇನ್ನೂ ನೇರವಾಗಿದೆ. ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ 2008ರಲ್ಲಿ ಹೊರಬಂದದ್ದು ಬೆಂಗಳೂರಿನ ಆಡಿಯೊ ಕಂಪನಿಯಿಂದಲ್ಲ. ಹಿಂದಿ ಸಿನಿಮಾದ ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್ ತಾವೇ ಕಟ್ಟಿದ ಕೌಂಟರ್ ಕಲ್ಚರ್ ರೆಕಾರ್ಡ್ಸ್‌ನಿಂದ. ಶಿಶುನಾಳ ಷರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಆ ಆಲ್ಬಮ್‌ನಲ್ಲಿದೆ. ಅದನ್ನು ಸಿ. ಅಶ್ವತ್ಥರ ದನಿಯಲ್ಲಿ ಕೇಳಿ ಬೆಳೆದವರು ಗಿಟಾರು, ಪಿಟೀಲು ಕೇಳಿ ಮೊದಲು ಮುಖ ಸಿಂಡರಿಸಿದ್ದುಂಟು. ನನಗೆ ಇಂದಿಗೂ ಅಶ್ವತ್ಥರದೇ ಹೆಚ್ಚು. ಆ ದನಿಯಲ್ಲಿರುವ ಒರಟು ಆರ್ತತೆ ಬೇರೆಯವರಿಗೆ ಬಂದಿಲ್ಲ. ಆದರೆ ಕನ್ನಡದ ಒಂದಕ್ಷರ ಗೊತ್ತಿಲ್ಲದ ಪರ ಊರಿನ ಹುಡುಗರು ಷರೀಫರ ಸಾಲನ್ನು ಒಟ್ಟಿಗೆ ಹಾಡಿದ್ದು ರಘು ಅವರ ಕಛೇರಿಗಳಲ್ಲಿ.

ನಿಮ್ಮ ಮಗಳು ಇಯರ್‌ಫೋನ್ ಹಾಕಿಕೊಂಡು ಕೇಳುವ ಹಾಡಿನಲ್ಲಿ ಕನ್ನಡವೇ ಇಲ್ಲ ಎಂದು ನೊಂದು ಬರೆದಿದ್ದೀರಿ. ಆಕೆ ಕೇಳುವ ಹೆಸರುಗಳಲ್ಲಿ ಮೂರನ್ನು ನೀವೇ ಕೊಟ್ಟಿದ್ದೀರಿ, ಆ ಮೂರನ್ನೂ ನಾನು ಕೇಳಿದ್ದೇನೆ. ದಿಲ್ಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ ತಂಡದ ‘ಬೀಟಾ’ ಆಲ್ಬಮ್, 2024ರ ಆಗಸ್ಟಿನದು, ಸೊಗಸಾಗಿದೆ. ಆದರೆ ಅವರ 2019ರ ‘ಬಿಸ್ಮಿಲ್ಲಾ’ದಲ್ಲಿದ್ದ ತುಂಟತನ ಇದರಲ್ಲಿ ಕಡಿಮೆ. ಹನುಮಾನ್‌ಕೈಂಡ್ ಅವರ ‘ರನ್ ಇಟ್ ಅಪ್’ ಹಾಡಿನಲ್ಲಿ ಚೆಂಡೆ ಇದೆ. ಬರೀ ಅಲಂಕಾರಕ್ಕೆ ಇಟ್ಟ ಚೆಂಡೆ ಅಲ್ಲ, ರ‍್ಯಾಪ್ ನಿಂತಿರುವುದೇ ಆ ಪೆಟ್ಟಿನ ಮೇಲೆ. ಯಕ್ಷಗಾನದ ಚೆಂಡೆ ಕೇಳಿ ಬೆಳೆದ ನಮ್ಮವರ ಕಿವಿಗೆ ಇದು ದೂರವಲ್ಲ, ಒಮ್ಮೆ ಮಗಳ ಜೊತೆ ಕೂತು ಕೇಳಿ ನೋಡಿ. ಮೂರನೆಯದು ನಮ್ಮ ಮುಂಬಯಿಯ ಸ್ವದೇಸಿ ತಂಡ. ಇದರ ಬಗ್ಗೆ ನನಗೆ ಅಭಿಮಾನವಿದೆ, ಮುಚ್ಚಿಡುವುದಿಲ್ಲ. ಮರಾಠಿ, ಗುಜರಾತಿ, ಹಿಂದಿ, ಒಬ್ಬೊಬ್ಬರು ಅವರವರ ಮನೆಯ ಮಾತಿನಲ್ಲಿ ರ‍್ಯಾಪ್ ಮಾಡುತ್ತ ಬಂದವರು. ಗೋರೆಗಾಂವಿನ ಆರೆ ಕಾಡನ್ನು ಉಳಿಸುವ ಪ್ರಶ್ನೆ ಬಂದಾಗ ಅಲ್ಲಿಯ ಆದಿವಾಸಿ ಪ್ರಕಾಶ್ ಭೋಯಿರ್ ಅವರನ್ನೇ ಕರೆದು ‘ವಾರ್ಲಿ ರಿವೋಲ್ಟ್’ ಹಾಡಿನಲ್ಲಿ ಹಾಡಿಸಿದರು. ಕಾಡಿನ ಪರ ಹಾಡುವವರು ಬಹಳ. ಕಾಡಿನವರಿಗೆ ಮೈಕ್ ಕೊಟ್ಟವರು ಇವರು. ಇಂಥ ತಂಡದಲ್ಲಿ ಒಂದು ಕನ್ನಡದ, ತುಳುವಿನ ದನಿ ಏಕಿಲ್ಲ ಎಂಬುದು ನನ್ನ ಸಂಕಟ. ಗೋರೆಗಾಂವ್, ಭಾಂಡೂಪ್, ಥಾಣೆಯಲ್ಲಿ ನಮ್ಮ ಮಕ್ಕಳು ಸಾವಿರಾರು ಇದ್ದಾರೆ. ನಮ್ಮ ಸಂಘಗಳ ವೇದಿಕೆಯಲ್ಲಿ ಅವರಿಗೆ ಸಿಗುವುದು ಸಿನಿಮಾ ಹಾಡಿನ ಕ್ಯಾರಿಯೋಕೆ, ಇಲ್ಲವೇ ಸ್ವಾಗತಗೀತೆ. ಸ್ವಂತ ಹಾಡಿಗೆ ಹತ್ತು ನಿಮಿಷ ಕೊಡಿ ಎಂದು ಕಾರ್ಯಕ್ರಮ ನಡೆಸುವವರನ್ನು ಈ ಪುಟದ ಮೂಲಕವೇ ಕೇಳಿಕೊಳ್ಳುತ್ತೇನೆ.

ಈಗ ‘ಕಾಂತಾರ’. 2025ರ ಅಕ್ಟೋಬರ್ 2ರಂದು ಬಿಡುಗಡೆಯಾದ ‘ಚಾಪ್ಟರ್ 1’ರ ಕೆಲಸ ದೊಡ್ಡದು. ಅರವಿಂದ ಕಶ್ಯಪ್ ಅವರ ಕ್ಯಾಮೆರಾ ಕಾಡನ್ನು ತೋರಿಸುವಾಗ ಮೈ ಜುಮ್ಮೆನ್ನುತ್ತದೆ. ಆದರೂ ನಾಲ್ಕೇ ಸಾಲು ಬರೆದದ್ದು ಏಕೆಂದರೆ, ಸಿನಿಮಾ ನನಗೆ ಕೇಳಿಸಿಕೊಳ್ಳಲು ಜಾಗ ಬಿಡಲಿಲ್ಲ. 2022ರ ‘ಕಾಂತಾರ’ದಲ್ಲಿ ದೈವ ಮೈಮೇಲೆ ಬಂದಾಗಿನ ಆ ಕೂಗು ನೆನಪಿಸಿಕೊಳ್ಳಿ. ಮನುಷ್ಯನ ಗಂಟಲಿನಿಂದ ಬಂದದ್ದು, ಸುತ್ತ ಬೇರೆ ಸದ್ದು ಅಡಗಿದ್ದಾಗ ಬಂದದ್ದು. ಕೋಲ ನೋಡಿದವರಿಗೆ ಗೊತ್ತು, ಆ ಮೌನವೇ ಅರ್ಧ ಭಯ. ಹೊಸ ಚಿತ್ರದಲ್ಲಿ ಹಿನ್ನೆಲೆ ಸಂಗೀತ ಆ ಮೌನದ ಜಾಗವನ್ನೆಲ್ಲ ತುಂಬಿಬಿಟ್ಟಿದೆ ಎಂದೇ ನನಗೆ ಅನಿಸಿತು. ನಿಮಗೆ ಅದೇ ಸದ್ದು ರೋಮಾಂಚನ ತಂದಿತು ಎಂದಿದ್ದೀರಿ, ಅದನ್ನು ನಾನು ಸುಳ್ಳು ಎನ್ನಲಾರೆ. ಒಂದು ಮಾತು ಸೇರಿಸಬೇಕು: ಇಂಡಿ ತಂಡಗಳಿಗೂ ನಮಗೂ ಏನು ಸಂಬಂಧ ಎಂದಿರಿ. 2022ರ ‘ವರಾಹ ರೂಪಂ’ ಹಾಡು ತಮ್ಮ ‘ನವರಸಂ’ ಅನ್ನು ಹೋಲುತ್ತದೆ ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ಎಂಬ ಇಂಡಿ ತಂಡ ಕೋರ್ಟಿಗೆ ಹೋಗಿತ್ತು, ಚಿತ್ರತಂಡ ಅದನ್ನು ಒಪ್ಪಲಿಲ್ಲ. ನ್ಯಾಯದ ಲೆಕ್ಕ ನನ್ನದಲ್ಲ. ಆ ವಿವಾದದ ಕಾರಣಕ್ಕೆ ‘ನವರಸಂ’ ಹುಡುಕಿ ಕೇಳಿದ ಕನ್ನಡಿಗರು ಬಹಳ, ಕೇಳಿದ ಮೇಲೆ ಆ ತಂಡದ ಉಳಿದ ಹಾಡುಗಳಿಗೂ ಹೋದವರಲ್ಲಿ ನಾನೂ ಒಬ್ಬ.

ಪುಣೆಯ ಸುದ್ದಿ ಕೈಬಿಟ್ಟಿರಿ ಎಂಬ ನಿಮ್ಮ ಇನ್ನೊಂದು ಮಾತಿಗೆ ಇಲ್ಲಿಯೇ ಉತ್ತರ. ಅಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟಿಗೂ ಕನ್ನಡಕ್ಕೂ ಹಳೆಯ ನಂಟು. ಗಿರೀಶ ಕಾಸರವಳ್ಳಿ ಕಲಿತದ್ದು ಅಲ್ಲಿ, ಗಿರೀಶ ಕಾರ್ನಾಡರು ಆ ಸಂಸ್ಥೆಯ ನಿರ್ದೇಶಕರಾಗಿದ್ದವರು. ಡಾಕ್ಟರಿಕೆ ಓದಿ ಅಲ್ಲಿಗೆ ಹೋದ ಮೈಸೂರಿನ ಚಿದಾನಂದ ನಾಯ್ಕ್ ಮಾಡಿದ 16 ನಿಮಿಷದ ಕನ್ನಡ ಚಿತ್ರ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗಾಗುವುದಿಲ್ಲ ಎನ್ನುವ ಅಜ್ಜಿಯ ಕಥೆ ನಮಗೆಲ್ಲ ಗೊತ್ತು; ಜಂಬ ಪಡಬಾರದು ಎಂದು ಶಾಲೆಯಲ್ಲಿ ಹೇಳುತ್ತಿದ್ದರು. ಈ ಹುಡುಗರ ಸಿನಿಮಾದಲ್ಲಿ ಅಜ್ಜಿ ಹುಂಜ ಕದ್ದ ಮೇಲೆ ನಿಜಕ್ಕೂ ಬೆಳಗಾಗುವುದಿಲ್ಲ! ಅಜ್ಜಿಯನ್ನು ನಂಬಿದ ಮೊದಲ ಕನ್ನಡ ಸಿನಿಮಾ ಇದೇ ಇರಬೇಕು ಎಂದು ನನಗೆ ಖುಷಿಯಾಯಿತು. ಒಂದು ಇಡೀ ಪುಟ ಇದಕ್ಕೆ ಬರಬೇಕಿತ್ತು ಎಂಬ ನಿಮ್ಮ ಮಾತು ಒಪ್ಪಿದೆ. ಮುಂದಿನ ಸಂಚಿಕೆಯಲ್ಲಿ ಬರುತ್ತದೆ.

ರೋಹನ್ ಕಾನವಡೆ ಅವರ ಮರಾಠಿ ಚಿತ್ರ ‘ಸಾಬರ್ ಬೊಂಡಾ’ವನ್ನು ‘ನಮ್ಮ ಮನೆಯವರೆಲ್ಲ ಕೂತು ನೋಡುವಂಥದ್ದಲ್ಲ’ ಎಂದಿರಿ. ಅಪ್ಪ ತೀರಿಕೊಂಡ ಮೇಲೆ ಹತ್ತು ದಿನದ ಸೂತಕಕ್ಕೆಂದು ಮುಂಬಯಿಯಿಂದ ಊರಿಗೆ ಹೋದ ಮಗ, ಮದುವೆ ಯಾವಾಗ ಎಂದು ಕಾಡುವ ಬಂಧುಗಳು, ಅವನು ಪ್ರೀತಿಸುವುದು ಗಂಡಸನ್ನು ಎಂದು ಗೊತ್ತಿದ್ದೂ ಅವನ ಜೊತೆ ನಿಲ್ಲುವ ತಾಯಿ. ಹಿನ್ನೆಲೆ ಸಂಗೀತವೇ ಇಲ್ಲದ ಸಿನಿಮಾ. ಹಳ್ಳಿಯ ಸದ್ದು ಅಷ್ಟೇ. ಆ ತಾಯಿಯನ್ನು ನೋಡುವುದಕ್ಕಾದರೂ ಮನೆಯವರೆಲ್ಲ ಕೂತು ನೋಡಬೇಕು. ಇದರಲ್ಲಿ ನಿಮ್ಮ ಜೊತೆ ನನಗೆ ರಾಜಿ ಇಲ್ಲ.

ಉಳಿದದ್ದು ಜೆ.ಪಿ. ತುಮಿನಾಡು ನಿರ್ದೇಶಿಸಿದ ಕನ್ನಡ ಚಿತ್ರ ‘ಸು ಫ್ರಮ್ ಸೋ’. ಮೊದಲರ್ಧ ಬಿದ್ದು ಬಿದ್ದು ನಕ್ಕೆವು, ಎರಡನೆಯ ಅರ್ಧ ಉಪದೇಶ ಎಂದಿದ್ದೀರಿ. ನಾನು ತಿರುಗಿಸಿ ಹೇಳುತ್ತೇನೆ. ಇಂಟರ್‌ವಲ್‌ವರೆಗೆ ಸೋಮೇಶ್ವರದ ಸುಲೋಚನ ಎಂದರೆ ಊರಿನ ಗಂಡಸರ ಬಾಯಲ್ಲಿ ಹೊರಳುವ ಒಂದು ದೆವ್ವದ ಹೆಸರು ಮಾತ್ರ. ಮಗಳು ಭಾನು ಎದುರು ಬಂದು ನಿಂತಾಗಲೇ, ಈ ಹೆಸರಿನ ಹೆಂಗಸೊಬ್ಬಳು ಬದುಕಿದ್ದಳು, ಅವಳಿಗೊಂದು ಸಂಸಾರವಿತ್ತು ಎಂದು ಅವರಿಗೂ ನಮಗೂ ತಿಳಿಯುವುದು. ಜೆ.ಪಿ. ತುಮಿನಾಡು ನಮ್ಮನ್ನು ಒಂದು ಗಂಟೆ ನಗಿಸಿದ್ದು ಆ ತಿಳಿವಳಿಕೆ ತಟ್ಟಲಿ ಎಂದೇ. ಕೊನೆಯ ಕೆಲವು ಮಾತುಗಳು ಬಿಡಿಸಿ ಹೇಳಿದಂತಾದವು, ಸರಿ. ಆದರೆ ಆ ಎರಡನೆಯ ಅರ್ಧವಿಲ್ಲದೆ ಹೋಗಿದ್ದರೆ ನಾನು ಅದನ್ನು ಮತ್ತೊಮ್ಮೆ ನೋಡುತ್ತಿರಲಿಲ್ಲ. ಇದಕ್ಕೆ ನಿಮ್ಮ ಮರುಪತ್ರ ಬರಲಿ. ಅದನ್ನು ಪೂರ್ತಿಯಾಗಿ ಅಚ್ಚು ಹಾಕುತ್ತೇವೆ, ಮಗಳೂ ಒಂದಷ್ಟು ಬರೆದರೆ ಅದನ್ನೂ.

— ಸಂಪಾದಕ