ಮುಖ ಬರೆಯದೆ ಬಿಟ್ಟ ಚಿತ್ರ

ಪ್ರಶ್ನೆ: ನನಗೆ 41 ವರ್ಷ, ಹೈಸ್ಕೂಲ್ ಟೀಚರ್. ಮದುವೆಯಾಗಿ 16 ವರ್ಷ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕಪ್ಪು ಇಂಕಿನಲ್ಲಿ ಚಿತ್ರ ಬರೆಯುತ್ತೇನೆ. ಅದರಲ್ಲೊಂದು ನಮ್ಮ ಮನೆಯವರ ಕಣ್ಣಿಗೆ ಬಿತ್ತು. ಅಡುಗೆಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು, ಜಡೆ ಬಿಚ್ಚಿ ಕೂತ ಹೆಂಗಸು. ಕೂದಲು ನೀರಿನ ಹಾಗೆ ಹರಿದು ಬಾಗಿಲ ಸಂದಿಯಿಂದ ಆಚೆ ಹೋಗಿದೆ. ಆಚೆ ಒಬ್ಬ ಗಂಡಸು ಅದನ್ನು ಬೊಗಸೆಯಲ್ಲಿ ಹಿಡಿದಿದ್ದಾನೆ. ಅವನಿಗೆ ಮುಖ ಬರೆದಿಲ್ಲ. 'ಇವನ್ಯಾರು?' ಅಂತ ಕೇಳಿದರು. ನನಗೇ ಗೊತ್ತಿಲ್ಲ ಅಂದೆ. ಮೂರು ದಿನದಿಂದ ಮಾತಿಲ್ಲ. ಹರಿದು ಹಾಕಿಬಿಡಲಾ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಹರಿಯಬೇಡಿ. ಈಗಂತೂ ಬೇಡವೇ ಬೇಡ. 'ಏನೋ ಇತ್ತು, ಅದಕ್ಕೇ ಹರಿದಳು' ಅಂತ ಅವರಿಗೆ ಅನ್ನಿಸುತ್ತದೆ. ಆಮೇಲೆ ಆ ಗಂಡಸಿಗೆ ಅವರ ಮನಸ್ಸೇ ಒಂದು ಮುಖ ಬರೆದುಬಿಡುತ್ತದೆ.

ನಿಜವಾಗಿ ಯಾರಾದರೂ ಇದ್ದರೆ ಅದು ಬೇರೆ ಮಾತು, ಇನ್ನೊಂದು ಕಾಗದ ಬರೆಯಿರಿ. ನಿಮ್ಮ ಕಾಗದ ಓದಿದರೆ ನನಗೆ ಹಾಗನ್ನಿಸಲಿಲ್ಲ. ನನ್ನ ಕಣ್ಣು ನಿಂತದ್ದು ಆ ಚಿಲಕದ ಮೇಲೆ. ಹಾಕಿಕೊಂಡವಳು ಅವಳೇ ಅಲ್ವಾ? ಬೆಳಿಗ್ಗೆ ಡಬ್ಬಿ ಕಟ್ಟೋದು, ಶಾಲೆ, ಸಂಜೆ ನೋಟ್‌ಬುಕ್ ತಿದ್ದೋದು. ಇದರ ನಡುವೆ ತನ್ನನ್ನು ಪ್ರೀತಿಯಿಂದ ಮುಟ್ಟಲಿ ಅನ್ನೋ ಆಸೆಯನ್ನು ಅವಳು ಒಳಗೇ ಕೂಡಿಹಾಕಿದ್ದಾಳೆ. ಅದು ಸಾಯಲಿಲ್ಲ, ಸಂದಿ ಹುಡುಕಿಕೊಂಡು ಆಚೆ ಹೋಯಿತು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಇಂಗ್ಲೆಂಡಿನಲ್ಲಿ ಆಬ್ರಿ ಬಿಯರ್ಡ್‌ಸ್ಲಿ ಅಂತ ಒಬ್ಬ ಕಲಾವಿದ ಇದ್ದ. ಆ ಕಾಲದ ಜನ ಬಾಯಿ ಬಿಡಲು ಹೆದರುತ್ತಿದ್ದ ಆಸೆಗಳನ್ನು ಕಪ್ಪು ಇಂಕಿನಲ್ಲಿ ಬರೆದವನು. ಕ್ಷಯದಿಂದ 1898ರಲ್ಲಿ ತೀರಿಕೊಂಡಾಗ ಬರೀ 25 ವರ್ಷ. ಸಾಯುವ ಕೆಲವೇ ದಿನ ಮುಂಚೆ ಪ್ರಕಾಶಕನಿಗೆ ಕಾಗದ ಬರೆದು, ತನ್ನ ಅಶ್ಲೀಲ ಚಿತ್ರಗಳನ್ನೆಲ್ಲ ನಾಶ ಮಾಡಿಬಿಡಿ ಎಂದು ಬೇಡಿಕೊಂಡ. ಪ್ರಕಾಶಕ ಹಾಗೆ ಮಾಡಲಿಲ್ಲ. ಸಾಯುವವನ ಮಾತು ಮೀರಿದ್ದು ಸರಿಯೋ ತಪ್ಪೋ, ಆ ಕಾಗದ ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ. ಅಷ್ಟು ನಾಜೂಕಾದ ಗೆರೆ ಎಳೆದ ಕೈಯೇ ಕೊನೆಗೆ ಅದನ್ನು ನಾಶ ಮಾಡಿ ಅಂದಿತಲ್ಲ. ನಿಮ್ಮ ಕೈಗೆ ಆ ಹೆದರಿಕೆ ಬೇಡ.

ನಿಮ್ಮ ಮನೆಯವರ ನೋವೂ ಸುಳ್ಳಲ್ಲ. ಆ ಖಾಲಿ ಜಾಗದಲ್ಲಿ ಅವರು ತಮ್ಮ ಮುಖ ಹುಡುಕಿದ್ದಾರೆ, ಸಿಕ್ಕಿಲ್ಲ. ಹಾಗಂತ ಸಮಾಧಾನಕ್ಕೆ ಈಗ ಅವರ ಮೀಸೆ, ಕನ್ನಡಕ ಬರೆಯಲು ಹೋಗಬೇಡಿ. ಇಂಕು ಪೆನ್ಸಿಲ್ ಅಲ್ಲ, ಉಜ್ಜಿದರೆ ಹೋಗುವುದಿಲ್ಲ. ಸುಳ್ಳು ಗೆರೆ ಇಬ್ಬರಿಗೂ ಚುಚ್ಚುತ್ತಲೇ ಇರುತ್ತದೆ.

ಇವತ್ತು ರಾತ್ರಿ ಚಿತ್ರವನ್ನು ನಡುವೆ ಇಟ್ಟುಕೊಂಡು ಇಬ್ಬರೂ ಕೂತುಕೊಳ್ಳಿ. 'ಇವನು ಯಾರೂ ಅಲ್ಲರೀ. ನನ್ನನ್ನು ಹೀಗೆ ಮೆತ್ತಗೆ ಹಿಡಿದುಕೊಂಡು ಎಷ್ಟು ವರ್ಷ ಆಯ್ತು ಅನ್ನಿಸಿತು, ಬರೆದೆ' ಅಂತ ಹೇಳಿ. ಗಂಟಲು ಕಟ್ಟಬಹುದು, ಆದರೂ ಹೇಳಿ. ಆಮೇಲೆ ಅವರನ್ನೂ ಕೇಳಿ, ನೀವೂ ಹೀಗೆ ಏನಾದರೂ ಒಳಗೇ ಇಟ್ಟುಕೊಂಡಿದ್ದೀರಾ ಅಂತ. ತಕ್ಷಣ ಉತ್ತರ ಬರಲಿಕ್ಕಿಲ್ಲ. ನಮ್ಮ ಗಂಡಸರಿಗೆ ಇಂಥದ್ದನ್ನು ಮಾತಾಡೋದು ಯಾರು ಕಲಿಸಿದ್ದಾರೆ? ಬೇಜಾರಾಗಿ ಎದ್ದು ಹೋಗಬೇಡಿ. ಸುಮ್ನೆ ಸ್ವಲ್ಪ ಹೊತ್ತು ಅಲ್ಲೇ ಪಕ್ಕದಲ್ಲಿ ಕೂತಿರಿ.