ಬೋರ್ ನೀರಿನ ಸ್ನಾನ, ಒರಟಾದ ಕೂದಲು

ಪ್ರಶ್ನೆ: ತೀರ್ಥಹಳ್ಳಿಯಿಂದ ಬೆಂಗಳೂರಿನ ವೈಟ್‌ಫೀಲ್ಡ್‌ಗೆ ಬಂದಿದ್ದೇವೆ ಮೇಡಂ. ಅಪಾರ್ಟ್‌ಮೆಂಟಿನಲ್ಲಿ ಬೋರ್ ನೀರು, ಸಾಲದಿದ್ದರೆ ಟ್ಯಾಂಕರ್. ಎಷ್ಟು ಸೋಪು ತಿಕ್ಕಿದರೂ ನೊರೆ ಬರುವುದಿಲ್ಲ, ಮೈಯೆಲ್ಲ ಬಿಗಿದ ಹಾಗಿರುತ್ತದೆ, ಕೂದಲು ತೆಂಗಿನ ನಾರಿನಂತಾಗಿ ಉದುರುತ್ತಿದೆ. ಶವರ್‌ಗೆ ಫಿಲ್ಟರ್ ಹಾಕಿಸಲಾ?

ಉತ್ತರ: ಬೇಡ, ಸುಮ್ನೆ ದುಡ್ಡು ದಂಡ. ಶವರ್‌ಗೆ ಸಿಕ್ಕಿಸುವ ಆ ಚಿಕ್ಕ ಫಿಲ್ಟರ್ ಕ್ಲೋರಿನ್ನನ್ನೋ ಮಣ್ಣನ್ನೋ ಒಂದಿಷ್ಟು ತಡೆಯಬಹುದು, ಗಡಸುತನವನ್ನಲ್ಲ. ಗಡಸುತನ ಅಂದರೆ ನೀರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ. ಅದು ಹೋಗಬೇಕಾದರೆ ರೆಸಿನ್ ಎಂಬ ಸಣ್ಣ ಮಣಿಗಳಿರುವ, ಆಗಾಗ ಉಪ್ಪುನೀರು ಹಾಯಿಸಬೇಕಾದ ಸಾಫ್ಟ್‌ನರ್ ಯಂತ್ರ ಬೇಕು. ಇಡೀ ಕಟ್ಟಡಕ್ಕೆ ಒಂದೇ ಕಡೆ ಕೂರಿಸಿದರೆ ಎಲ್ಲರಿಗೂ ಅನುಕೂಲ, ಅಸೋಸಿಯೇಷನ್ ಮೀಟಿಂಗಿನಲ್ಲಿ ಮಾತೆತ್ತಿ. ಅದಕ್ಕೂ ಮೊದಲು ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿಸಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ 600ರವರೆಗೆ. ಟಿಡಿಎಸ್ ಮೀಟರ್ ನೀರಲ್ಲಿ ಕರಗಿದ್ದನ್ನೆಲ್ಲ ಒಟ್ಟಿಗೆ ತೋರಿಸುತ್ತದೆ, ಅದನ್ನಿಟ್ಟರೆ ಗಡಸುತನ ಎಷ್ಟು ಅಂತ ಗೊತ್ತಾಗುವುದಿಲ್ಲ.

ನೀವೇ ಬದಲಿಸಬಹುದಾದದ್ದು ಸೋಪು. ಸೋಪು ಕ್ಯಾಲ್ಸಿಯಂ ಜೊತೆ ಸೇರಿದರೆ ನೀರಲ್ಲಿ ಕರಗದ ಜಿಡ್ಡಾಗುತ್ತದೆ. ಬಕೆಟ್ಟಿನ ಒಳಗೆ ಉಗುರಿನಿಂದ ಕೆರೆದು ನೋಡಿ, ಬೂದು ಬಣ್ಣದ ಅಂಟು ಬರುತ್ತದಲ್ವಾ, ಅದೇ ನಿಮ್ಮ ಮೈಮೇಲೂ ಕೂದಲಲ್ಲೂ ಕೂತಿರುವುದು. ನೊರೆ ಬರಲಿಲ್ಲ ಅಂತ ಇನ್ನಷ್ಟು ತಿಕ್ಕಿದರೆ ಜಿಡ್ಡೂ ಜಾಸ್ತಿ. ಅದಕ್ಕೇ ಸೋಪು ಬಿಟ್ಟು ನೋಡಿ. ಮೆಡಿಕಲ್ ಶಾಪಿನಲ್ಲಿ ಸಿಂಡೆಟ್ ಬಾರ್ (ನೋಡಲು ಸೋಪಿನಂತಿದ್ದರೂ ಸೋಪಲ್ಲದ ಬಿಲ್ಲೆ) ಸಿಗುತ್ತದೆ, ಇಲ್ಲವೇ ಕಡಲೆಹಿಟ್ಟು ಹಚ್ಚಿ. ತಲೆಗೆ ಸೀಗೆಕಾಯಿಯೇ ಸರಿ, ಅದರ ನೊರೆ ಸೋಪಿನದಲ್ಲ, ಹಾಗಾಗಿ ಜಿಡ್ಡು ಕಟ್ಟುವುದಿಲ್ಲ. ಶಾಂಪೂ ಬೇಕೇಬೇಕು ಅಂದರೆ ಬಾಟಲಿಯ ಮೇಲೆ ಇಡಿಟಿಎ ಅಂತ ಇದೆಯಾ ನೋಡಿಕೊಳ್ಳಿ, ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ.

ತಲೆ ತೊಳೆದ ಮೇಲೆ ಕೊನೆಯ ಎರಡು ಚೊಂಬು ಮಾತ್ರ ಬೇರೆ ನೀರು ಹಾಕಿಕೊಳ್ಳಿ. ಮಳೆಗಾಲದಲ್ಲಿ ತಾರಸಿಯ ಮಳೆನೀರು, ಉಳಿದಂತೆ ಆರ್‌ಒ ನೀರು. ಆರ್‌ಒದಿಂದ ಪೈಪಿನಲ್ಲಿ ಹೊರಹೋಗುವ ನೀರನ್ನು ಹಿಡಿದಿಟ್ಟು ಸ್ನಾನಕ್ಕೆ ಬಳಸುವವರಿದ್ದಾರೆ, ದಯವಿಟ್ಟು ಬೇಡ, ಅದು ಬೋರ್ ನೀರಿಗಿಂತ ಗಡಸು. ನೆಲ ಒರೆಸಲು ಇಟ್ಟುಕೊಳ್ಳಿ. ಮೈ ಪೂರ್ತಿ ಆರುವ ಮೊದಲೇ ಕೊಬ್ಬರಿ ಎಣ್ಣೆ ಸವರಿ.

ಇನ್ನು ಉದುರುವ ಮಾತು. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟಿದ್ದರೆ ಬುಡದಿಂದ ಬಂದಿದೆ. ಅದಕ್ಕೆ ನೀರನ್ನು ದೂರಬೇಡಿ. ಥೈರಾಯ್ಡ್, ರಕ್ತಹೀನತೆ ಇದೆಯಾ ಅಂತ ಡಾಕ್ಟರ್ ಹತ್ತಿರ ಪರೀಕ್ಷೆ ಮಾಡಿಸಿ. ನಡುವೆ ತುಂಡಾಗಿದ್ದರೆ ಆಗ ನೀರಿನ ಮೇಲೆ ಅನುಮಾನ ಪಡಬಹುದು.

ಪ್ರಶ್ನೆ: ಪಟಿಕ ಹಾಕಿದರೆ, ಇಲ್ಲ ಕುದಿಸಿದರೆ ನೀರು ಸರಿಹೋಗುತ್ತದಾ?

ಉತ್ತರ: ಪಟಿಕದಿಂದ ಕೆಸರು ತಳಕ್ಕೆ ಇಳಿಯುತ್ತದೆ, ಅಷ್ಟೇ. ಕುದಿಸಿದರೆ ಗಡಸುತನದಲ್ಲಿ ಒಂದು ಭಾಗ ಹೋಗುತ್ತದೆ, ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರ ಅದೇ. ಉಳಿದದ್ದು ಎಷ್ಟು ಕುದಿಸಿದರೂ ನೀರಲ್ಲೇ ಇರುತ್ತದೆ.